ಮಾಗಡಿ ಕೆರೆಗೆ ಹೋಗಿ ಹಕ್ಕಿ ನೋಡದೆ ಬರಬಾರದು ಅಂದರೆ: ಹಂತ ಹಂತದ ಮಾರ್ಗದರ್ಶಿ

ಜನವರಿ ಬಂತೆಂದರೆ ನನಗೆ ಒಂದೇ ತರಹದ ಫೋನ್ ಬರುತ್ತವೆ. "ಮಾಗಡಿ ಕೆರಿಗೆ ಹೋಗಿದ್ವಿ ಬಿಡ್ರಿ, ಅಲ್ಲೇನೂ ಇರಲಿಲ್ಲ." ಎಷ್ಟು ಗಂಟೆಗೆ ಮುಟ್ಟಿದಿರಿ ಎಂದರೆ ಹನ್ನೊಂದು. ಎಷ್ಟು ಹೊತ್ತು ಇದ್ದಿರಿ ಎಂದರೆ ಇಪ್ಪತ್ತು ನಿಮಿಷ. ಎಲ್ಲಿ ನಿಂತಿದ್ದಿರಿ ಎಂದರೆ ನೀರಿನ ಅಂಚಿಗೇ ಇಳಿದಿದ್ದರಂತೆ, ಹತ್ತು ಮಂದಿ. ಹಕ್ಕಿಗಳು ಇದ್ದವು. ಇವರು ಬಂದ ರೀತಿ ನೋಡಿ ಆಚೆ ದಂಡೆಗೆ ಹೋಗಿ ಕೂತವು, ಅಷ್ಟೇ.

ಗದಗ ಜಿಲ್ಲೆಯ ಮಾಗಡಿ ಕೆರೆ ಬಲೆ ಕಟ್ಟಿ ಹಕ್ಕಿ ಸಾಕಿದ ಪಾರ್ಕ್ ಅಲ್ಲ. ಟಿಕೆಟ್ ತೆಗೆದರೆ ಹಕ್ಕಿ ಎದುರಿಗೆ ಬಂದು ನಿಲ್ಲುವುದಿಲ್ಲ. ಹೊಲಗಳಿಗೆ ನೀರು ಬೇಕೆಂದು ಮಳೆನೀರು ಕೂಡಿಸಿಟ್ಟ, ಸುಮಾರು 50 ಹೆಕ್ಟೇರಿನ ಬಯಲು ಕೆರೆ ಅದು. ಚಳಿಗಾಲದಲ್ಲಿ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವುಗಳ ಟೈಮ್‌ಟೇಬಲ್‌ಗೆ ನಾವು ಹೊಂದಿಕೊಂಡರೆ ಕಣ್ತುಂಬ ನೋಡಬಹುದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲನೆಯದು ತಪ್ಪಿದರೆ ಉಳಿದವು ಎಷ್ಟು ಸರಿಯಿದ್ದರೂ ಉಪಯೋಗವಿಲ್ಲ.

ಹಂತ 1: ತಿಂಗಳು ನೋಡಿ, ಆಮೇಲೆ ಕೆರೆಯ ನೀರು ವಿಚಾರಿಸಿ

ಹೆಬ್ಬಾತುಗಳು ನವೆಂಬರ್ ಹೊತ್ತಿಗೆ ಬರಲು ಶುರು ಮಾಡುತ್ತವೆ, ಮಾರ್ಚ್‌ನಲ್ಲಿ ಹೊರಟುಬಿಡುತ್ತವೆ. ಡಿಸೆಂಬರ್ ಕೊನೆಯ ವಾರದಿಂದ ಫೆಬ್ರವರಿ ನಡುವಿನವರೆಗೆ ಹೋಗುವುದು ಒಳ್ಳೆಯದು. ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಹೋಗೋಣ ಎಂದುಕೊಂಡಿದ್ದರೆ ಈಗಲೇ ಬಿಟ್ಟುಬಿಡಿ. ಅಷ್ಟರಲ್ಲಿ ಅವು ಹಿಮಾಲಯದ ಆಚೆ ಇರುತ್ತವೆ.

ತಿಂಗಳು ಸರಿಯಿದ್ದರೂ ನೀರಿನ ಮಟ್ಟ ಆಟ ಆಡಿಸುತ್ತದೆ. ಮಳೆ ಜಾಸ್ತಿಯಾಗಿ ಕೆರೆ ಕಂಠಮಟ್ಟ ತುಂಬಿದ್ದರೆ ಹಕ್ಕಿ ಕಾಲೂರಲು ಅಂಚಿನಲ್ಲಿ ಕೆಸರು, ತೆಳು ನೀರು ಉಳಿಯುವುದಿಲ್ಲ. ಪೂರ್ತಿ ಬತ್ತಿದ್ದರೆ ರಕ್ಷಣೆ ಇಲ್ಲ. ನಡುವೆ ನೀರು, ಸುತ್ತ ಒಂದಿಷ್ಟು ತೇವದ ಬಯಲು ಇದ್ದ ವರ್ಷ ಹಬ್ಬ. ಅದಕ್ಕೆ ಹೊರಡುವ ಒಂದೆರಡು ದಿನ ಮೊದಲು ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಪರಿಚಯದವರಿದ್ದರೆ ಕೇಳಿ. "ಹಕ್ಕಿ ಬಂದಾವೇನ್ರಿ" ಎಂದಷ್ಟೇ ಕೇಳಬೇಡಿ. "ಕೆರ್‍ಯಾಗ ನೀರು ಎಷ್ಟೈತ್ರಿ" ಎಂದೂ ಕೇಳಿ.

ಹಂತ 2: ಬೆಳಗೋ ಸಂಜೆಯೋ ತೀರ್ಮಾನಿಸಿ

ಹೆಚ್ಚಿನವರು ಎಡವುವುದು ಇಲ್ಲೇ.

ಈ ಬಾತುಗಳು ನಮ್ಮ ಮನೆಯ ಕೋಳಿಗಳ ಹಾಗೆ ಹಗಲು ಮೇಯ್ದು ರಾತ್ರಿ ಮಲಗುವುದಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಕೆರೆ ಬಿಟ್ಟು ಸುತ್ತಲಿನ ಹೊಲಗಳಿಗೆ ಹೋಗುತ್ತವೆ. ಕಾಳು, ಎಳೆ ಪೈರು, ಹುಲ್ಲು ಮೇಯುತ್ತವೆ. ಹೊಲದಲ್ಲಿ ಜನ ಓಡಾಡದ ಹೊತ್ತು ಅದು. ಬೆಳಕು ಹರಿಯುವಾಗ ಕೆರೆಗೆ ವಾಪಸ್ಸಾಗಿ, ನಡುಹಗಲು ನೀರಿನ ಮೇಲೆ, ದಂಡೆಯ ಮೇಲೆ ನಿದ್ದೆ. ಹನ್ನೊಂದಕ್ಕೆ ಹೋದವರು ನೋಡುವುದು ಕುತ್ತಿಗೆ ಬೆನ್ನೊಳಗೆ ಹುದುಗಿಸಿದ ಬೂದು ಗಂಟುಗಳನ್ನು. ದೂರದಿಂದ ಕಲ್ಲು ಎಂದೇ ಅನಿಸುತ್ತದೆ.

ಹಾಗಾಗಿ ಎರಡೇ ಆಟ. ಬೆಳಗಿನ ಆಟ 6:30ರಿಂದ 9ರವರೆಗೆ. ಜನವರಿಯಲ್ಲಿ ಇಲ್ಲಿ ಸೂರ್ಯ ಏಳುವುದೇ ಸುಮಾರು 7ಕ್ಕೆ. ಗುಂಪು ಗುಂಪಾಗಿ ಹಾರಿ ಬಂದು ನೀರಿಗಿಳಿಯುವುದನ್ನು ಆಗ ನೋಡಬಹುದು. ಸಂಜೆಯ ಆಟ 4:30ರಿಂದ ಪೂರ್ತಿ ಕತ್ತಲಾಗುವವರೆಗೆ. ಮೊದಲ ಸಲ ಹೋಗುವವರಿಗೆ ನಾನು ಬೆಳಗನ್ನೇ ಹೇಳುತ್ತೇನೆ. ಬಂದಿಳಿದ ಹಕ್ಕಿ ಆಮೇಲೂ ಅಲ್ಲೇ ಇರುತ್ತದೆ, ನಿಧಾನವಾಗಿ ನೋಡಬಹುದು. ಸಂಜೆ ಹಾಗಲ್ಲ, ಎದ್ದು ಹೋದವೆಂದರೆ ಮುಗಿಯಿತು. ಆದರೆ ನೋಡುವ ಚೆಂದ ಸಂಜೆಗೇ ಜಾಸ್ತಿ, ಅದನ್ನೂ ಹೇಳಬೇಕು.

ಬಸ್ಸಿಗೆ ಹೋಗುವವರು ಸಂಜೆ ಇಟ್ಟುಕೊಳ್ಳುವುದೇ ವಾಸಿ. ಹುಬ್ಬಳ್ಳಿಯಿಂದ ಬಸ್ಸು ಹತ್ತಿ ಸೂರ್ಯೋದಯಕ್ಕೆ ಮುಟ್ಟುವುದು ಕಷ್ಟ. ಇಳಿಯುವಾಗಲೇ ಕಂಡಕ್ಟರ್ ಹತ್ತಿರ ವಾಪಸ್ ಹೋಗುವ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿ ಇಟ್ಟುಕೊಳ್ಳಿ. ಬೆಳಗೇ ಬೇಕೆಂದರೆ ಹಿಂದಿನ ರಾತ್ರಿ ಗದಗ ಅಥವಾ ಲಕ್ಷ್ಮೇಶ್ವರದಲ್ಲಿ ಉಳಿಯಿರಿ.

ಹಂತ 3: ಸರಿಯಾದ ಮಾಗಡಿಗೆ ಹೋಗಿ

ನಗಬೇಡಿ. ಮ್ಯಾಪ್‌ನಲ್ಲಿ ಸುಮ್ನೆ 'ಮಾಗಡಿ' ಎಂದು ಹಾಕಿದರೆ ಬೆಂಗಳೂರಿನ ಹತ್ತಿರದ ಮಾಗಡಿ ಮೊದಲು ಬರಬಹುದು. ನಮ್ಮದು ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಗದಗದಿಂದ ಸುಮಾರು 26 ಕಿ.ಮೀ., ಲಕ್ಷ್ಮೇಶ್ವರದಿಂದ 11 ಕಿ.ಮೀ., ಶಿರಹಟ್ಟಿಯಿಂದ 8 ಕಿ.ಮೀ. ಮ್ಯಾಪ್‌ನಲ್ಲಿ ಊರಿನ ಜೊತೆ ಶಿರಹಟ್ಟಿ ಎಂದೂ ಸೇರಿಸಿ, ಹಿಂದಿನ ದಿನವೇ ದಾರಿಯನ್ನು ಫೋನಿನಲ್ಲಿ ಉಳಿಸಿಕೊಳ್ಳಿ.

ಹುಬ್ಬಳ್ಳಿ-ಧಾರವಾಡದಿಂದ ಅಣ್ಣಿಗೇರಿ, ಗದಗ ಮೇಲೆ ಹೋಗಬಹುದು, ರಸ್ತೆ ಚೆನ್ನಾಗಿದೆ. ಲಕ್ಷ್ಮೇಶ್ವರದ ಮೇಲೆ ಹೋದರೆ ಹತ್ತಿರ. ಯಾವುದಾದರೂ ಸರಿ, ಹುಬ್ಬಳ್ಳಿಯಿಂದ ಎರಡು ತಾಸು ಹಿಡಿಯಿರಿ. ಅಂದರೆ ಮನೆ ಬಿಡುವುದು ನಸುಕಿನ 4:30ಕ್ಕೆ. ಹಾದಿಯಲ್ಲಿ ಕಬ್ಬಿನ, ಹತ್ತಿಯ ಟ್ರ್ಯಾಕ್ಟರ್‌ಗಳು ಹಿಂದಿನ ದೀಪವಿಲ್ಲದೆ ಹೋಗುತ್ತಿರುತ್ತವೆ, ಕೆಲವು ದಿನ ಮಂಜೂ ಇರುತ್ತದೆ. ಹತ್ತು ನಿಮಿಷ ಉಳಿಸಲು ಹೋಗಬೇಡಿ.

ಹಂತ 4: ಚೀಲ ತುಂಬಿಸಿ

ಬೇಕೇ ಬೇಕಾದದ್ದು ದುರ್ಬೀನು. ಉಳಿದದ್ದೆಲ್ಲ ಇದ್ದರೆ ಒಳ್ಳೆಯದು. ಅಂಗಡಿಯವರು 20 ಪಟ್ಟು, 30 ಪಟ್ಟು ಎಂದು ಆಸೆ ತೋರಿಸುತ್ತಾರೆ. ತೆಗೆದುಕೊಳ್ಳಬೇಡಿ. ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ. 8×42 ಎಂದು ಬರೆದದ್ದು ಹೊಸಬರಿಗೆ ಸರಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದು ಎನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಗಾಜು ಅಗಲವಿದ್ದಷ್ಟು ನಸುಕಿನ ಮಂದ ಬೆಳಕಿನಲ್ಲೂ ಚೆನ್ನಾಗಿ ಕಾಣುತ್ತದೆ. 10×42 ಇದ್ದರೂ ನಡೆಯುತ್ತದೆ, ಆದರೆ ಮೊಣಕೈಯನ್ನು ಮಂಡಿಗೆ ಆನಿಸಿ ಹಿಡಿಯಬೇಕು.

ಬಟ್ಟೆ ಮಣ್ಣಿನ ಬಣ್ಣದ್ದಿರಲಿ, ಇಲ್ಲವೇ ಮಾಸಿದ ಹಸಿರು. ಬಿಳಿ ಅಂಗಿ ಬೇಡ, ಹಕ್ಕಿಗೆ ಅದು ಅರ್ಧ ಕಿಲೋಮೀಟರಿನಿಂದಲೇ ಎದ್ದು ಕಾಣುತ್ತದೆ. ಟೊಪ್ಪಿಗೆ, ಸ್ವೆಟರ್ ಎರಡೂ ಬೇಕು, ಏಕೆಂದರೆ ಬೆಳಿಗ್ಗೆ ನಡುಗುತ್ತೀರಿ, ಹತ್ತಕ್ಕೆ ಬೆವರುತ್ತೀರಿ. ಕಾಲಿಗೆ ಹಳೆಯ ಶೂ. ಚಪ್ಪಲಿಯಲ್ಲಿ ಎರೆ ಮಣ್ಣಿಗೆ ಇಳಿದರೆ ಹತ್ತು ಹೆಜ್ಜೆಗೆ ಒಂದೊಂದು ಚಪ್ಪಲಿಯೂ ಎರಡೆರಡು ಕೆ.ಜಿ. ಆಗುತ್ತದೆ.

ಕೂರಲು ಒಂದು ಗೋಣಿ ತಟ್ಟು ಅಥವಾ ಹಳೆಯ ಚಾದರ ಮರೆಯಬೇಡಿ. ಕೂರಲು ಅನುಕೂಲವಿಲ್ಲದವರೇ ಇಪ್ಪತ್ತು ನಿಮಿಷಕ್ಕೆ ಎದ್ದು ಓಡಾಡಲು ಶುರು ಮಾಡುತ್ತಾರೆ. ನೀರು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ಚುರುಕು ಸದ್ದು ಮಾಡುವ ಚಿಪ್ಸ್ ಪೊಟ್ಟಣ ಬೇಡ, ಹಾರಿಹೋಗಿ ನೀರಿಗೆ ಬೀಳುವುದೂ ಅದೇ. ಒಂದು ನೋಟ್‌ಬುಕ್, ಪೆನ್ಸಿಲ್ ಸಾಕು. ಹಕ್ಕಿ ಗುರುತಿಸಲು ಫೋನಿನಲ್ಲಿ ಮರ್ಲಿನ್ ಆ್ಯಪ್ ಹಾಕಿಕೊಳ್ಳಬಹುದು, ಅದು ಉಚಿತ. ಭಾರತದ ಹಕ್ಕಿಗಳ ಪ್ಯಾಕ್ ಅನ್ನು ಮನೆಯ ವೈಫೈಯಲ್ಲೇ ಇಳಿಸಿಕೊಳ್ಳಿ.

ಹಂತ 5: ದುರ್ಬೀನನ್ನು ಮನೆಯಲ್ಲೇ ಹೊಂದಿಸಿ

ಒಮ್ಮೆ ನಮ್ಮ ಅಣ್ಣನ ಮಗನನ್ನು ಕರೆದುಕೊಂಡು ಹೋಗಿದ್ದೆ. ಮುನ್ನೂರು ಬಾತುಗಳು ಒಟ್ಟಿಗೆ ಇಳಿಯುತ್ತಿವೆ, ಇವನು ದುರ್ಬೀನು ತಿರುಗಿಸುತ್ತ, "ಕಾಕಾ, ಬರೇ ಕರ್ರಗ ಕಾಣಾಕತ್ತೈತಿ" ಅಂದ. ತಪ್ಪು ಅವನದಲ್ಲ. ಹೊಂದಿಸಿ ಕೊಡುವುದನ್ನು ನಾನೇ ಮರೆತಿದ್ದೆ. ಈ ಕೆಲಸ ಹಿಂದಿನ ದಿನ ಸಂಜೆ ಮಾಳಿಗೆ ಮೇಲೆ ಮುಗಿಸಿ. ಐದೇ ನಿಮಿಷ.

1. ಕನ್ನಡಕ ಹಾಕುವವರು ಕಣ್ಣಿನ ಹತ್ತಿರದ ರಬ್ಬರ್ ಬಟ್ಟಲನ್ನು ಒಳಗೆ ತಿರುಗಿಸಿ ಅಥವಾ ಮಡಚಿ ಇಡಿ. ಹಾಕದವರು ಹೊರಗೆ ತೆಗೆಯಿರಿ. ಕರ್ರಗೆ ಕಾಣುವುದಕ್ಕೆ ಮುಕ್ಕಾಲು ಪಾಲು ಇದೇ ಕಾರಣ.

2. ನಡುವಿನ ಕೀಲನ್ನು ಅಗಲಿಸಿ, ಕುಗ್ಗಿಸಿ ನೋಡಿ. ಎರಡು ಉಂಗುರ ಸೇರಿ ಒಂದೇ ದುಂಡನೆಯ ಚಿತ್ರ ಕಾಣಬೇಕು.

3. ದೂರದ ಕರೆಂಟ್ ಕಂಬದ ಬೋರ್ಡೋ, ಅಂಗಡಿ ಹೆಸರೋ ಆರಿಸಿಕೊಳ್ಳಿ. ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ. ಎಡಗಣ್ಣಿನಿಂದ ನೋಡುತ್ತ ನಡುವಿನ ಚಕ್ರ ತಿರುಗಿಸಿ, ಅಕ್ಷರ ಸ್ಪಷ್ಟವಾಗಲಿ.

4. ಈಗ ಎಡಗಡೆ ಮುಚ್ಚಿ. ಬಲಗಣ್ಣಿನಿಂದ ಅದೇ ಬೋರ್ಡ್ ನೋಡಿ. ನಡುವಿನ ಚಕ್ರ ಮುಟ್ಟಬಾರದು. ಬಲಗಣ್ಣಿನ ಹತ್ತಿರ ಇನ್ನೊಂದು ಸಣ್ಣ ಬಳೆ ಇರುತ್ತದೆ, ಅದನ್ನು ತಿರುಗಿಸಿ ಸ್ಪಷ್ಟ ಮಾಡಿ. ಹೆಚ್ಚಿನವರಿಗೆ ಈ ಬಳೆ ತಿರುಗುತ್ತದೆ ಎಂಬುದೇ ಗೊತ್ತಿರುವುದಿಲ್ಲ.

5. ಆ ಬಳೆ ಎಲ್ಲಿಗೆ ನಿಂತಿತೋ ಗುರುತು ಇಟ್ಟುಕೊಳ್ಳಿ. ಇನ್ನು ಮೇಲೆ ನಡುವಿನ ಚಕ್ರವೊಂದೇ ನಿಮ್ಮ ಕೆಲಸ.

ಇನ್ನೊಂದು ಅಭ್ಯಾಸ. ಮಾಳಿಗೆಯಿಂದ ಕಾಗೆಯನ್ನೋ ಪಾರಿವಾಳವನ್ನೋ ಬರಿಗಣ್ಣಿನಿಂದ ದಿಟ್ಟಿಸಿ, ನೋಟ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ. ದುರ್ಬೀನು ಕಣ್ಣಿಗೆ ಬರಬೇಕು, ಕಣ್ಣು ದುರ್ಬೀನಿಗೆ ಇಳಿಯಬಾರದು. ಇಳಿಸಿದರೆ ಹಕ್ಕಿ ಕಳೆದುಹೋಗುತ್ತದೆ, ಆಮೇಲೆ ಆಕಾಶವೆಲ್ಲ ಹುಡುಕುವುದೇ ಆಗುತ್ತದೆ.

ಹಂತ 6: ಜಾಗ ಹಿಡಿಯಿರಿ

ಗಾಡಿಯನ್ನು ಊರ ಕಡೆ ಮುಖ ಮಾಡಿ ನಿಲ್ಲಿಸಿ. ಸಂಜೆ ಹೊರಡುವಾಗ ಹೆಡ್‌ಲೈಟ್ ಕೆರೆಯ ಮೇಲೆ ಬೀಳಬಾರದು. ಬಾಗಿಲನ್ನು ಧಡಾರನೆ ಹಾಕಬೇಡಿ, ರಿವರ್ಸ್ ಹಾಡು ಬರುವ ಗಾಡಿಯಾದರೆ ಇನ್ನೂ ದೂರ ನಿಲ್ಲಿಸಿ. ಅರಣ್ಯ ಇಲಾಖೆಯವರು ಯಾರಾದರೂ ಕಂಡರೆ ಮೊದಲು ಮಾತಾಡಿಸಿ, ಎಲ್ಲಿಯವರೆಗೆ ಹೋಗಬಹುದು ಕೇಳಿ. ಇದು ಸಂರಕ್ಷಿತ ಜಾಗ, 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿದೆ. ಅವರು ಬೇಡ ಎಂದ ಕಡೆ ವಾದ ಬೇಡ.

ಸೂರ್ಯ ನಿಮ್ಮ ಬೆನ್ನಿಗಿರಬೇಕು. ಬೆಳಿಗ್ಗೆಯಾದರೆ ಕೆರೆಯ ಪೂರ್ವದ ಕಡೆ ಕೂತು ಪಶ್ಚಿಮಕ್ಕೆ ನೋಡಿ, ಸಂಜೆ ಅದರ ಉಲ್ಟಾ. ಎದುರು ಬಿಸಿಲಿಗೆ ಕೂತರೆ 8,000 ಹಕ್ಕಿಯೂ 8,000 ಕಪ್ಪು ಚುಕ್ಕೆಗಳೇ.

ಏರಿಯ ನೆತ್ತಿಯ ಮೇಲೆ ನಿಲ್ಲಬೇಡಿ. ಆಕಾಶಕ್ಕೆ ಎದುರಾಗಿ ಮನುಷ್ಯನ ಆಕಾರ ಎದ್ದು ಕಾಣುತ್ತದೆ. ಒಂದಿಷ್ಟು ಕೆಳಗೆ, ಜಾಲಿ ಗಿಡದ ಮರೆಗೆ ಕೂರಿ. ಹೊಲ ದಾಟಬೇಕಾದರೆ ಬದುವಿನ ಮೇಲೇ ನಡೆಯಿರಿ, ಮಾಲೀಕರು ಇದ್ದರೆ ಕೇಳಿಯೇ ಕಾಲಿಡಿ. ಚಳಿಗಾಲ ಎಂದರೆ ಹೊಲದಲ್ಲಿ ಕಡಲೆ, ಬಿಳಿಜೋಳ ನಿಂತಿರುವ ಕಾಲ. ರಾತ್ರಿ ಬಾತುಗಳು ಮೇಯ್ದು ಹೋದ ಪೈರನ್ನು ಹಗಲು ನಾವೂ ತುಳಿದರೆ ರೈತರು ಬೈಯದೆ ಇನ್ನೇನು ಮಾಡಬೇಕು?

ನಾನು ಮೊದಲ ಸಲ ಹೋದಾಗ ದಂಡೆಗುಂಟ ಹಕ್ಕಿಗಳ ಹಿಂದೆ ಹಿಂದೆ ನಡೆಯುತ್ತಿದ್ದೆ. ನಾನು ಹತ್ತು ಹೆಜ್ಜೆ ಹೋದರೆ ಅವು ಇಪ್ಪತ್ತು ಹೆಜ್ಜೆ ದೂರ. ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಅಜ್ಜ ಸ್ವಲ್ಪ ಹೊತ್ತು ನೋಡಿ, "ಯಾಕ್ರೀ ತಮ್ಮಾ ಅವುನ್ನ ಬೆನ್ನಹತ್ತೀರಿ? ಕುಂದರ್ರಿ ಒಂದ್ಕಡೆ. ಅವ ಬರ್ತಾವು" ಅಂದರು. ಕೂತೆ. ಮುಕ್ಕಾಲು ತಾಸಿಗೆ ನಾಲ್ಕು ಬಾತು ಮೇಯುತ್ತ ಮೇಯುತ್ತ ನನ್ನ ಕಡೆಗೇ ಬಂದವು. ಒಂದು ನನ್ನನ್ನು ನೋಡಿ ಕುತ್ತಿಗೆ ಎತ್ತಿತು, ಮತ್ತೆ ಹುಲ್ಲಿಗೆ ಬಾಗಿತು. ಕೊಕ್ಕಿನಿಂದ ಹುಲ್ಲು ಕತ್ತರಿಸುವ ಚರ್ ಚರ್ ಸದ್ದು ಕೂಡ ಕೇಳಿಸಿತು.

ಎಮ್ಮೆಗಳಿಗೆ ಹೆದರದ ಹಕ್ಕಿ ನಡೆಯುವ ಮನುಷ್ಯನಿಗೆ ಹೆದರುತ್ತದೆ. ನಿಂತ ಕಾರಿಗೂ ಅಷ್ಟಾಗಿ ಹೆದರುವುದಿಲ್ಲ. ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಕಾರಿನೊಳಗೇ ಕೂತು ಕಿಟಕಿಯಿಂದ ನೋಡಿ.

ಹಂತ 7: ಹಕ್ಕಿಯ ಎಚ್ಚರಿಕೆ ಓದಲು ಕಲಿಯಿರಿ

ಹಕ್ಕಿ ಇದ್ದಕ್ಕಿದ್ದಂತೆ ಹಾರುವುದಿಲ್ಲ. ಮೊದಲು ಹೇಳುತ್ತದೆ, ನಮಗೆ ತಿಳಿಯುವುದಿಲ್ಲ ಅಷ್ಟೇ. ಮೇಯುತ್ತಿದ್ದ ಗುಂಪಿನಲ್ಲಿ ಒಂದೆರಡು ಕುತ್ತಿಗೆ ನೆಟ್ಟಗಾದರೆ ಅದು ಕಾವಲು, ಗಾಬರಿ ಬೇಡ. ಅರ್ಧ ಗುಂಪು ಒಟ್ಟಿಗೆ ಕುತ್ತಿಗೆ ಎತ್ತಿತೆಂದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ. ಅಲ್ಲೇ ನಿಲ್ಲಿ, ಕೂರಿ, ಮುಖ ಬೇರೆ ಕಡೆ ತಿರುಗಿಸಿ. ಎಲ್ಲವೂ ಒಂದೇ ದಿಕ್ಕಿಗೆ ನಡೆಯಲು ಶುರು ಮಾಡಿ, ಗಂಟಲಿನಲ್ಲಿ ಆಂಗ್ ಆಂಗ್ ಸದ್ದು ಏರಿದರೆ ಹಿಂದಕ್ಕೆ ಸರಿಯಿರಿ. ಇದರ ಮುಂದಿನದು ಹಾರಾಟವೇ.

ಟಿಟ್ಟಿಭ ಇದ್ದರಂತೂ ಅದೇ ಕೆರೆಯ ಪೊಲೀಸ್. ನಿಮ್ಮ ತಲೆ ಮೇಲೆ ಸುತ್ತುತ್ತ ಕೂಗತೊಡಗಿದರೆ ಅದರ ಜಾಗಕ್ಕೆ ನುಗ್ಗಿದ್ದೀರಿ ಎಂದರ್ಥ. ಬಂದ ದಾರಿಯಲ್ಲೇ ವಾಪಸ್ಸಾಗಿ. ಇಡೀ ಕೆರೆ ಒಮ್ಮೆಲೇ ಎದ್ದು, ನಿಮ್ಮ ಕಡೆ ಯಾರೂ ಅಲುಗಾಡಿಲ್ಲದಿದ್ದರೆ ಮೇಲೆ ನೋಡಿ. ಗಿಡುಗ ಬಂದಿರುತ್ತದೆ.

ಹಾರಿದ ಹಾಗೆ ಫೋಟೊ ಬೇಕೆಂದು ಕಲ್ಲು ಎಸೆಯುವವರನ್ನು, ಚಪ್ಪಾಳೆ ತಟ್ಟುವವರನ್ನು ನೋಡಿದ್ದೇನೆ. ಹಾಗೆ ಎಬ್ಬಿಸಿದಾಗಲೆಲ್ಲ ರಾತ್ರಿ ಮೇಯ್ದದ್ದು ವ್ಯರ್ಥ. ಎರಡು ಮೂರು ಕೆ.ಜಿ. ತೂಕದ ಈ ಹಕ್ಕಿ ಮಾರ್ಚ್‌ನಲ್ಲಿ ಹಿಮಾಲಯ ದಾಟಬೇಕು, ಅದಕ್ಕೆ ಬೇಕಾದ ಕೊಬ್ಬನ್ನು ಇಲ್ಲೇ ಕೂಡಿಸಿಕೊಳ್ಳಬೇಕು. ಡ್ರೋನ್ ಹಾರಿಸುವ ಯೋಚನೆ ಇದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ಹಕ್ಕಿಗೆ ಅದು ದೊಡ್ಡ ಗಿಡುಗ, ನಿಮಗೆ ಕಾನೂನಿನ ತಾಪತ್ರಯ. ಅಕ್ಕಿ, ಚುರುಮುರಿ ಎರಚುವುದೂ ಬೇಡ.

ಸತ್ತ ಅಥವಾ ತೂಕಡಿಸುತ್ತ ಬಿದ್ದ ಹಕ್ಕಿ ಕಂಡರೆ ಮುಟ್ಟಬೇಡಿ, ಮಕ್ಕಳನ್ನು ದೂರ ಇಡಿ, ಅರಣ್ಯ ಇಲಾಖೆಗೆ ತಿಳಿಸಿ. 2005ರಲ್ಲಿ ಚೀನಾದ ಚಿಂಗ್ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿಗಳು ಸತ್ತಾಗ ಅವುಗಳಲ್ಲಿ ಹೆಚ್ಚಿನವು ಇದೇ ಪಟ್ಟೆತಲೆ ಹೆಬ್ಬಾತುಗಳು.

ಹಂತ 8: ನಿಧಾನವಾಗಿ ಗುರುತಿಸಿ

ಇಲ್ಲಿ 166ಕ್ಕೂ ಹೆಚ್ಚು ಜಾತಿ ಹಕ್ಕಿಗಳು ದಾಖಲಾಗಿವೆ. ಎಲ್ಲ ಒಂದೇ ದಿನಕ್ಕೆ ಬೇಕು ಎಂದು ಹೊರಟರೆ ಒಂದೂ ನೆನಪಿರುವುದಿಲ್ಲ. ಮೊದಲ ಸಲ ಐದಾರು ಸಾಕು.

ಹೆಬ್ಬಾತಿನಿಂದಲೇ ಶುರು ಮಾಡಿ. ಬೂದು ಮೈ, ಬಿಳಿ ತಲೆ, ಹಳದಿ-ಕಿತ್ತಳೆ ಕೊಕ್ಕು ಮತ್ತು ಕಾಲು. ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟಿ, ಒಂದು ಕಣ್ಣಿನಿಂದ ಕಣ್ಣಿಗೆ ಸುತ್ತಿ, ಇನ್ನೊಂದು ಅದರ ಕೆಳಗೆ ಚಿಕ್ಕದು. ಈಗ ಪಟ್ಟಿ ಇಲ್ಲದವುಗಳನ್ನು ಹುಡುಕಿ. ನೆತ್ತಿಯಿಂದ ಕುತ್ತಿಗೆಯ ಹಿಂದಕ್ಕೆ ಮಾಸಿದ ಬಣ್ಣ ಇಳಿದಿದ್ದರೆ ಅದು ಆ ವರ್ಷವೇ ಹುಟ್ಟಿದ ಮರಿ. ಅದರ ಆಚೀಚೆ ಪಟ್ಟಿ ಇರುವ ಎರಡು ದೊಡ್ಡವು ಇದ್ದರೆ ಅಪ್ಪ ಅಮ್ಮ ಇರಬೇಕು. ಸಾವಿರದ ಗುಂಪಿನಲ್ಲಿ ಹೀಗೆ ಸಂಸಾರ ಹುಡುಕುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಕುತ್ತಿಗೆಗಳನ್ನೂ ಸಾಲಾಗಿ ನೋಡುತ್ತ ಹೋಗಿ. ಮಂಗೋಲಿಯಾದಲ್ಲಿ ಸಂಶೋಧಕರು ಕೆಲವು ಹೆಬ್ಬಾತುಗಳಿಗೆ ಅಕ್ಷರ, ಅಂಕಿ ಬರೆದ ಪ್ಲಾಸ್ಟಿಕ್ ಪಟ್ಟಿ ತೊಡಿಸಿ ಬಿಟ್ಟಿದ್ದಾರೆ. ಅಂಥವು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ನಿಮಗೆ ಕಂಡರೆ ಪಟ್ಟಿಯ ಬಣ್ಣ, ಬರೆದ ಅಕ್ಷರ, ತಾರೀಖು ಬರೆದುಕೊಂಡು ಅರಣ್ಯ ಇಲಾಖೆಯವರಿಗೆ ಕೊಡಿ. ಫೋಟೊಗೆ ಕ್ಯಾಮೆರಾ ಇಲ್ಲವೇ? ಫೋನಿನ ಕ್ಯಾಮೆರಾವನ್ನು ದುರ್ಬೀನಿನ ಒಂದು ಕಣ್ಣಿಗೆ ಒತ್ತಿ ಹಿಡಿದು ತೆಗೆಯಿರಿ. ಹತ್ತರಲ್ಲಿ ಎರಡು ಸರಿ ಬರುತ್ತವೆ, ಗುರುತಿಗೆ ಅಷ್ಟು ಸಾಕು.

ಉಳಿದವು ಸುಲಭ. ತೆಳು ನೀರಿನಲ್ಲಿ ಕೆಂಪು ಕಡ್ಡಿಗಾಲಿನ ಮೇಲೆ ನಿಂತದ್ದು ಮೆಟ್ಟುಗಾಲು ಹಕ್ಕಿ. ಬಿಳಿ ಮೈ, ಬೋಳು ಕಪ್ಪು ತಲೆ, ಕುಡುಗೋಲಿನಂಥ ಕೊಕ್ಕು ಇದ್ದರೆ ಬಿಳಿ ಕೆಂಬರಲು. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ ಕಂಡರೆ ಬಣ್ಣದ ಕೊಕ್ಕರೆ. ದೂರದಿಂದ ಆ ಗುಲಾಬಿ ನೋಡಿಯೇ ಬಹಳ ಮಂದಿ 'ಫ್ಲೆಮಿಂಗೊ' ಎಂದು ಸ್ಟೇಟಸ್ ಹಾಕಿಬಿಡುತ್ತಾರೆ. ಕಪ್ಪು ಮೈ, ಹಣೆಗೆ ಬಿಳಿ ನಾಮ ಎಳೆದುಕೊಂಡು ತೇಲುವುದು ನಾಮದ ಕೋಳಿ. ಬರೀ ಹಾವಿನಂಥ ಕುತ್ತಿಗೆ ನೀರಿನ ಮೇಲೆ ಬಂದರೆ ಹೆದರಬೇಡಿ, ಹಾವಕ್ಕಿ ಅದು.

ಹಂತ 9: ಎಣಿಸಿ

"ಲಕ್ಷಾಂತರ ಇದ್ದವು" ಎಂದು ಹೇಳುವುದರ ಬದಲು ಹೀಗೆ ಮಾಡಿ. ಗುಂಪಿನ ಒಂದು ತುದಿಯಿಂದ ಹತ್ತು ಹಕ್ಕಿ ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದವು ಎಂದು ಕಣ್ಣಲ್ಲೇ ಅಳೆಯಿರಿ. ಅದೇ ಅಳತೆಯಲ್ಲಿ ಹತ್ತು ಸಲ ಮುಂದಕ್ಕೆ ಹೋದರೆ ನೂರು. ಈಗ ಆ ನೂರರ ತುಂಡನ್ನೇ ಅಳತೆಗೋಲು ಮಾಡಿ ಗುಂಪಿನ ಕೊನೆಯವರೆಗೆ ಹೋಗಿ. ಇಬ್ಬರು ಬೇರೆ ಬೇರೆ ಎಣಿಸಿ, ಆಮೇಲೆ ತಾಳೆ ನೋಡಿ. ಮೊದಲ ಸಲ ಒಬ್ಬರದು 900, ಇನ್ನೊಬ್ಬರದು 2,000 ಬರುತ್ತದೆ. ಮತ್ತೆ ಎಣಿಸಿದರೆ ಹತ್ತಿರ ಬರುತ್ತದೆ. ಕೂತ ಹಕ್ಕಿ ಎಣಿಸುವುದೇ ಸುಲಭ, ಹಾರುವಾಗ ಎಣಿಸುವುದಕ್ಕೆ ಅಭ್ಯಾಸ ಬೇಕು.

ಹಂತ 10: ನಡುಹಗಲು ಕೆರೆ ಬಿಟ್ಟು ಹೋಗಿ, ಸಂಜೆ ಮತ್ತೆ ಬನ್ನಿ

ಹತ್ತು ಗಂಟೆಗೆ ಎದ್ದುಬಿಡಿ. ಬಿಸಿಲಿಗೆ ನೀರಿನ ಮೇಲೆ ಗಾಳಿ ನಡುಗಿ ದುರ್ಬೀನಿನಲ್ಲಿ ಎಲ್ಲ ಕುಣಿಯುತ್ತದೆ. ಹಕ್ಕಿಯೂ ಮಲಗಿರುತ್ತದೆ. ಲಕ್ಷ್ಮೇಶ್ವರಕ್ಕೆ ಹೋಗಿ ಸೋಮೇಶ್ವರ ಗುಡಿ ನೋಡಿ, ಊಟ ಮಾಡಿ, ಗುಡಿಯ ನೆರಳಿನಲ್ಲಿ ಸ್ವಲ್ಪ ಕೂತು ಬನ್ನಿ. ದಾರಿಯಲ್ಲಿ ಯಾರಾದರೂ ಸೀತನಿ, ಅಂದರೆ ಎಳೆ ಜೋಳದ ತೆನೆ, ಸುಡುತ್ತಿದ್ದರೆ ಕೇಳಿ, ಇಲ್ಲ ಎನ್ನುವವರು ಕಡಿಮೆ.

4:30ಕ್ಕೆ ಪಶ್ಚಿಮದ ಕಡೆ ಜಾಗ ಹಿಡಿಯಿರಿ. ಐದೂವರೆ ಆದರೂ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಬಹಳ ಜನ ಆಗಲೇ ಎದ್ದು ಹೊರಡುತ್ತಾರೆ. ನೀವು ಏಳಬೇಡಿ. ಮೊದಲು ಸದ್ದು ಬದಲಾಗುತ್ತದೆ. ಅಲ್ಲೊಂದು ಇಲ್ಲೊಂದು ಕೂಗು ಹೋಗಿ ಇಡೀ ಕೆರೆ ಮಾತಾಡತೊಡಗುತ್ತದೆ. ಬಾತುಗಳೆಲ್ಲ ಒಂದೇ ಕಡೆ ಮುಖ ಮಾಡುತ್ತವೆ. ಆಮೇಲೆ ಇಪ್ಪತ್ತೋ ಮೂವತ್ತೋ ಏಳುತ್ತವೆ, ಒಂದು ಸುತ್ತು ಹಾಕಿ ಸಾಲು ಕಟ್ಟುತ್ತವೆ. ಅದರ ಹಿಂದೆ ಇನ್ನೊಂದು ಸಾಲು. ಈ ಹೊತ್ತಿನಲ್ಲಿ ಫೋನ್ ಕೆಳಗಿಡಿ. ಕತ್ತಲಿಗೆ ಹೇಗೂ ಬರುವುದಿಲ್ಲ, ಫ್ಲಾಶ್ ಹೊಡೆದರೆ ಪಕ್ಕದವರಿಗೂ ಹಾಳು.

ಕೊನೆಯ ಗುಂಪು ಹೋಯಿತು ಅನಿಸಿದ ಮೇಲೂ ಹತ್ತು ನಿಮಿಷ ಕೂರಿ. ಹಕ್ಕಿ ಕಾಣುವುದಿಲ್ಲ. ತಲೆ ಮೇಲೆ ರೆಕ್ಕೆಯ ಸುಯ್ಯೆನ್ನುವ ಸದ್ದು ಮಾತ್ರ ಹಾಯ್ದು ಹೋಗುತ್ತದೆ. ಆಮೇಲೆ ಟಾರ್ಚನ್ನು ನೆಲಕ್ಕೆ ಹಿಡಿದು, ಗೋಣಿ ತಟ್ಟು ಝಾಡಿಸಿ, ತಂದ ಪೊಟ್ಟಣಗಳೆಲ್ಲ ವಾಪಸ್ ಚೀಲಕ್ಕೆ ಬಂದವೇ ಎಂದು ಒಮ್ಮೆ ನೋಡಿ ಗಾಡಿಯ ಕಡೆ ನಡೆಯಿರಿ.